ಹೋದವರು, ಹೋಗಿ ಬಂದವರು

ಐವತ್ತರ ದಶಕದ ಮಾತು. ಗುಂಡ್ಲುಪೇಟೆಯ ಮಿಡ್ಲ್ ಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಆಗಷ್ಟೇ ಬಂದಿದ್ದೆ. ವ್ಯಾಕರಣದ ಪುಸ್ತಕ ಪೂರ್ತಿ ಬಾಯಿಪಾಠವಾಗಿತ್ತು. ಇಂಗ್ಲಿಷ್ ಆಡುವವರ ನಡುವೆ ಮಾತ್ರ ಒಂದು ದಿನವೂ ಇದ್ದವನಲ್ಲ.

ಒಂದು ಬೆಳಿಗ್ಗೆ ನೆರೆಮನೆಯಾಕೆ ಕಾಗದ ಹಿಡಿದು ಬಂದಳು. ಆಕೆಯ ಗಂಡ ಊಟಿ ಕಡೆಯ ಟೀ ತೋಟದಲ್ಲಿ ಕೂಲಿಗಿದ್ದ. ಕನ್ನಡ ಬಾರದ ಅಲ್ಲಿನ ಗುಮಾಸ್ತ ಇಂಗ್ಲಿಷಿನಲ್ಲಿ ಎರಡೇ ಸಾಲು ಬರೆದಿದ್ದ. ಕಾಲಿಗೆ ಪೆಟ್ಟಾಗಿದೆ, ‘ಹಿ ಹ್ಯಾಸ್ ಬೀನ್ ಟು ಕೊಯಮತ್ತೂರ್ ಹಾಸ್ಪಿಟಲ್.’

“ಕೊಯಮತ್ತೂರಿನ ಆಸ್ಪತ್ರೆಗೆ ಹೋಗಿದ್ದಾನಂತೆ,” ಎಂದೆ.

“ಅಯ್ಯೋ, ಅಷ್ಟ್ ದೂರಕ್ಕಾ! ಕಾಲೇ ಕತ್ತರಿಸ್ಬುಟ್ರೇನೋ ಮೇಷ್ಟ್ರೇ! ನಾನೂ ಅಲ್ಗೇ ಓಯ್ತೀನಿ,” ಎಂದು ಕುಸಿದು ಕುಳಿತಳು.

ಆಕೆಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಎದುರಿಗೇ ವಯಸ್ಸಾದ ಟೈಲರ್ ಸಾಬರ ಅಂಗಡಿ. ಊಟಿಯಲ್ಲಿ ದೊರೆಸಾನಿಯರಿಗೆ ವರ್ಷಗಟ್ಟಲೆ ಬಟ್ಟೆ ಹೊಲಿದು ಬಂದವರು. ಆ ಕಡೆಯ ಬಸ್ಸುಗಳೆಲ್ಲ ಅವರಿಗೆ ಗೊತ್ತು. ವಿಷಯ ಕೇಳಿ, “ಕಾಗದ ಇಂಗ್ಲಿಷಲ್ಲೇ ಓದಿ ಮೇಷ್ಟ್ರೇ,” ಎಂದರು. ಓದಿದೆ. ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದರು.

“ಬೀನ್ ಅಂತ ಐತಾ, ಗಾನ್ ಅಂತಾನಾ?”

“ಬೀನ್.”

“ಅಳಬೇಡಮ್ಮ. ಗಾನ್ ಅಂದ್ರೆ ಹೋದೋರು ಇನ್ನೂ ಬಂದಿಲ್ಲ. ಬೀನ್ ಅಂದ್ರೆ ಹೋಗಿ ಬಂದವ್ರೆ.” ಆಮೇಲೆ ನನ್ನತ್ತ ತಿರುಗಿದರು. “ಮೇಡಂ ಹ್ಯಾಸ್ ಗಾನ್ ಟು ಮೈಸೂರ್ ಅಂತ ಬಟ್ಲರ್ ಅಂದ್ರೆ, ಬಟ್ಟೆ ಗಂಟು ಕಟ್ಕೊಂಡು ವಾಪಸ್ ಬರ್ತಿದ್ದೆ. ಬೀನ್ ಅಂದ್ರೆ ಅಮ್ಮಾವ್ರು ಮನೇಲವ್ರೆ ಅಂತ ಕೂತ್ಕೋತಿದ್ದೆ.”

ಆ ನಿಯಮವನ್ನು ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಎರಡಕ್ಷರದ ಒಂದು ಮಾತಿನೊಳಗೆ ಮನುಷ್ಯನೊಬ್ಬ ಮನೆಗೆ ಮರಳಿರುತ್ತಾನೆ ಎಂದು ಅಂದೇ ತಿಳಿದದ್ದು.

ಆದರೂ ಕಣ್ಣಾರೆ ಕಾಣದೆ ಆಕೆಗೆ ಸಮಾಧಾನವಿಲ್ಲ. ಇಬ್ಬರೂ ಊಟಿ ಬಸ್ಸು ಹತ್ತಿದೆವು. ತೋಟದ ಕೂಲಿಮನೆಯ ಜಗಲಿಯಲ್ಲಿ ಆತ ಕಾಲಿಗೆ ಪಟ್ಟಿ ಸುತ್ತಿಕೊಂಡು ಬಿಸಿಲು ಕಾಯುತ್ತಿದ್ದ. “ಯಾಕಮ್ಮಿ ಬಂದ್ಬುಟ್ಟೆ?” ಎಂದ. ಆಕೆ ನಗುತ್ತಲೇ ಅತ್ತಳು.

ಊರಿಗೆ ಮರಳಿದವನೇ ವ್ಯಾಕರಣದ ಪುಸ್ತಕ ಹಿಡಿದು ಸಾಬರ ಅಂಗಡಿಗೆ ಹೋದೆ. ಅವರಿಗೆ ಓದು ಬಾರದು. ಆ ನಿಯಮದ ಪುಟ ತೆರೆದು ನಾನೇ ಓದಿ ಹೇಳಿದೆ. ಅವರು ಕನ್ನಡಕ ಮೇಲಕ್ಕೇರಿಸಿ, ತಿಳಿಯದ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು.

“ಇದನ್ನೂ ಬರೆದಿಟ್ಟವ್ರಾ ಮೇಷ್ಟ್ರೇ!”