ರಾಮನವಮಿ ಚಪ್ಪರದಲ್ಲಿ ನನ್ನ ಮಗ ಕೂತು ಊದಿದ್ದು

ಹಾಡಿಗೆ ಬೇಲಿ ಹಾಕಿದ್ದನ್ನು ನಾನು ಮೊದಲು ನೋಡಿದ್ದು ಬೆಂಗಳೂರಿನಲ್ಲಿ. ಚಾಮರಾಜಪೇಟೆಯ ಒಂದು ಬೀದಿಗೆ ಅಡ್ಡಲಾಗಿ ತೆಂಗಿನ ಗರಿಯ ಚಪ್ಪರ ಹಾಕಿ, ಸುತ್ತ ಬಿದಿರು ಗಳ ಕಟ್ಟಿ, ಒಂದು ಸಂದಿ ಬಿಟ್ಟು, ಆ ಸಂದಿಗೊಬ್ಬ ಮೀಸೆಯವನನ್ನು ಕಾವಲು ನಿಲ್ಲಿಸಿದ್ದರು. ನಮ್ಮ ಹೊಸದುರ್ಗದ ಕಡೆ ಬೇಲಿ ಹಾಕುವುದು ಬದನೆ ಗಿಡಕ್ಕೆ, ಮೇಕೆ ಬಾಯಿ ಹಾಕದಿರಲಿ ಅಂತ. ಇಲ್ಲಿ ಯಾರು ಬಂದು ಹಾಡನ್ನು ಮೇಯ್ದುಬಿಡುತ್ತಾರೋ ನಾ ಕಾಣೆ. ಒಳಗೆ ಹೋಗಲು ಚೀಟಿ ಬೇಕು. ಹಳದಿ ಚೀಟಿಯವರಿಗೆ ಕುರ್ಚಿ, ಬಿಳಿ ಚೀಟಿಯವರಿಗೆ ಜಮಖಾನ, ಚೀಟಿಯೇ ಇಲ್ಲದವರಿಗೆ ಮೋರಿ ದಂಡೆ. ರಾಮ ಹುಟ್ಟಿದ್ದಕ್ಕೆ ಇಷ್ಟು ಕಟ್ಟುಪಾಡು. ಅವನ ತಾಯಿ ಕೌಸಲ್ಯೆ ಬಂದಿದ್ದರೂ ಮೀಸೆಯವನು ಚೀಟಿ ಕೇಳುತ್ತಿದ್ದ.

ನಾನು ತಿಮ್ಮಮ್ಮ. ನಿಮ್ಮಲ್ಲಿ ಹಳಬರಿಗೆ ಗೊತ್ತು, ನಾವು ಓಲಗದ ಮನೆಯವರು. ಕ್ಷೌರದ ಕತ್ತಿ ಒಂದು ಕೈಗೆ, ನಾಗಸ್ವರ ಇನ್ನೊಂದು ಕೈಗೆ. ನಾನು ಓದಿದ್ದು ಕಡಿಮೆ. ಅಯ್ಯನವರ ಮಠದ ಜಗಲಿಯ ಆಚೆ ಕೂತು ಮರಳಲ್ಲಿ ತಿದ್ದಿದ್ದಷ್ಟೇ. ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ. ಬೆಂಗಳೂರು ಹೇಗಿದೆ, ಹೇಗಿದೆ ಅಂತ ಊರಿಂದ ಬಂದವರೆಲ್ಲ ಕೇಳುತ್ತೀರಿ. ಹೇಳುತ್ತೇನೆ. ಚೆನ್ನಾಗಿದೆ ಅಂತ ಕೇಳಿಸಿಕೊಳ್ಳುವ ಆಸೆ ಇದ್ದವರು ಈ ಕಾಗದವನ್ನು ಇಲ್ಲೇ ಮಡಿಸಿಟ್ಟುಬಿಡಿ.

ನಾವು ಊರು ಬಿಟ್ಟಿದ್ದು ಹೊಟ್ಟೆಗಿಲ್ಲದೆ ಅಲ್ಲ. ನನ್ನ ಮಗ ರಂಗಪ್ಪನ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು. ಓಲಗದವನು ನಿಂತು ಊದುತ್ತಾನೆ, ಇಲ್ಲವೇ ನಡೆಯುತ್ತಾ ಊದುತ್ತಾನೆ. ಮದುವೆ ಹೆಣ್ಣು ನಡೆದಷ್ಟು ಹೊತ್ತು ರಾಗ, ಅವಳು ನಿಂತರೆ ರಾಗವೂ ನಿಂತಿತು. ದೇವರ ಅಡ್ಡೆಪಲ್ಲಕ್ಕಿ ಹೊತ್ತವರು ಓಡಿದರೆ ನಾವೂ ಓಡುತ್ತಾ ಊದಬೇಕು. ನನ್ನ ಗಂಡ ನಲವತ್ತು ವರ್ಷ ಊದಿದ. ಕಲ್ಯಾಣಿ ರಾಗ ಅವನ ಕೈಯಲ್ಲಿ ಸಾಕಿದ ಹಸುವಿನ ಹಾಗೆ ಬರುತ್ತಿತ್ತು. ಆದರೆ ಒಂದು ಸಲವೂ ಅದನ್ನು ಕೂತು, ಮೊದಲಿಂದ ಕೊನೆವರೆಗೆ, ಮುಗಿಸಲಿಲ್ಲ. ಪ್ಲೇಗಿನ ವರ್ಷ ಹೋಗಿಬಿಟ್ಟ. ಮಗ ಹೇಳಿದ: "ಅವ್ವ, ಬೆಂಗಳೂರಲ್ಲಿ ವಿದ್ವಾಂಸರನ್ನ ಹಲಗೆ ಮೇಲೆ ಕೂರಿಸಿ ಕೇಳ್ತಾರಂತೆ. ನಾನೂ ಒಂದು ಸಲ ಕೂತು ಊದ್ಬೇಕು." ಅಷ್ಟಕ್ಕೆ ಗಂಟು ಕಟ್ಟಿದೆವು.

ಬಂದ ಮೇಲೆ ಮನೆ ಹುಡುಕಬೇಕಲ್ಲ. ನಮ್ಮೂರಲ್ಲಿ ಹೊಸಬರು ಬಂದರೆ "ಊಟ ಆಯ್ತಾ?" ಅಂತ ಕೇಳುತ್ತೀರಿ. ಇಲ್ಲಿ ಬಾಗಿಲು ಅರ್ಧ ತೆಗೆದು "ಯಾವ ಜನ?" ಅನ್ನುತ್ತಾರೆ. ನಮ್ಮೂರೇನು ದೊಡ್ಡ ಸಾಚಾ ಅಲ್ಲ, ಅಲ್ಲಿ ಕೇಳುವುದಿಲ್ಲ ಯಾಕೆಂದರೆ ಎಲ್ಲರಿಗೂ ಮೊದಲೇ ಗೊತ್ತು, ಅಷ್ಟೇ. ಕೊನೆಗೆ ಒಂದು ವಠಾರದಲ್ಲಿ ಸಿಕ್ಕಿತು. ವಠಾರ ಅಂದರೆ ಒಂದೇ ಅಂಗಳದ ಸುತ್ತ ಹತ್ತು ಬಾಗಿಲು, ಹತ್ತು ಒಲೆಯ ಹೊಗೆ, ಹತ್ತು ಮನೆಯ ಜಗಳ, ಒಂದೇ ನಲ್ಲಿ. ನಲ್ಲಿ ಅಂದರೆ ತಿರುಗಿಸಿದರೆ ನೀರು ಉಗುಳುವ ಕಬ್ಬಿಣದ ಮೂತಿ. ನಮ್ಮ ಕೋಣೆ ಬಚ್ಚಲಿಗೆ ಅಂಟಿಕೊಂಡಿತ್ತು. ಹತ್ತು ಮನೆಯವರು ಸ್ನಾನ ಮಾಡಿದ ನೀರು ನಮ್ಮ ಹೊಸಿಲ ಮುಂದೆಯೇ ಹರಿಯುತ್ತದೆ. ಮೊದಲ ವಾರ ನನಗೆ ಅನ್ನ ಇಳಿಯಲಿಲ್ಲ.

ಮಾತೋ, ಕಲಸುಮೇಲೋಗರ. ಪಕ್ಕದ ಬಾಗಿಲಿನ ಮುನಿಯಮ್ಮ ಸೊಪ್ಪು ಮಾರುವವಳು. ಅವಳ ಬಾಯಲ್ಲಿ ಒಂದು ಕಡೆ ತೆಲುಗು, ಒಂದು ಕಡೆ ಅರವ, ನಡುವೆ ನಮ್ಮ ಕನ್ನಡ ನುಸುಳಿಕೊಂಡು ಹೋಗಬೇಕು. ನಾವು "ಬಿರ್ರನೆ ಬಾ" ಅಂದರೆ ಇವರು "ಜಲ್ದಿ ಬಾ" ಅನ್ನುತ್ತಾರೆ. ನಲ್ಲಿಯ ಹತ್ತಿರ ನಾನು ಮೊದಲು ಕಲಿತದ್ದು ಆ ಮಾತೇ. ಒಂದು ದಿನ ಸಾಲು ತಪ್ಪಿಸಿ ಬಂದವಳ ಕೊಡ ತೆಗೆದು ಪಕ್ಕಕ್ಕಿಟ್ಟು "ಜಲ್ದಿ ಹಿಂದಕ್ಕೆ ಹೋಗು" ಅಂದೆ. ಮುನಿಯಮ್ಮ ನಕ್ಕು, "ಅಜ್ಜಿ, ಈಗ ನೀವು ಈ ಊರೋರಾದ್ರಿ ಬಿಡಿ" ಅಂದಳು. ಈ ಊರಲ್ಲಿ ನಾನು ಗೆದ್ದದ್ದು ಅದೊಂದೇ.

ರಂಗಪ್ಪ ಬೀದಿಯ ದೊಡ್ಡ ಮನೆಗಳಿಗೆ ಕ್ಷೌರಕ್ಕೆ ಹೋಗತೊಡಗಿದ. ಅದರಲ್ಲಿ ಒಬ್ಬರು ರಾಯರು, ರಾಮನವಮಿ ಕಮಿಟಿಯ ಸೆಕ್ರೆಟರಿ. ಕಮಿಟಿ ಅಂದರೆ ಹತ್ತು ಜನ ಸೇರಿ ಮಾಡುವ ತಪ್ಪು. ಯಾರದು ಅಂತ ಯಾರೂ ಹೇಳುವ ಹಾಗಿಲ್ಲ. ಫಾಲ್ಗುಣದಲ್ಲಿ ಒಂದು ಬೆಳಿಗ್ಗೆ ಗಡ್ಡ ಹೆರೆಸಿಕೊಳ್ಳುತ್ತಾ ರಾಯರೇ ಅಂದರಂತೆ: "ಏನೋ ರಂಗ, ನಿನ್ನ ಕಲ್ಯಾಣಿ ಚೆನ್ನಾಗಿರತ್ತಂತೆ? ಉತ್ಸವದ ಆರನೇ ದಿನ ಸಾಯಂಕಾಲ ಐದಕ್ಕೆ ವೇದಿಕೆ ಮೇಲೆ ಕೂತ್ಕೊಂಡು ಊದು. ಒಂದು ಗಂಟೆ. ಆಮೇಲೆ ದೊಡ್ಡ ಹಾಡುಗಾರರ ಕಛೇರಿ."

ಮಗ ಮನೆಗೆ ಬಂದವನು ಊಟ ಮಾಡಲಿಲ್ಲ. ಗೋಡೆ ನೋಡಿಕೊಂಡು ಕೂತ. "ಜ್ವರ ಏನೋ?" ಅಂತ ಹಣೆ ಮುಟ್ಟಿದೆ. "ಕೂತ್ಕೊಂಡು ಅಂದ್ರು ಅವ್ವ" ಅಂದ.

ವಠಾರದಲ್ಲಿ ಊದಲು ಬಿಡಲಿಲ್ಲ, "ಇಲ್ಲೇನು ಮದುವೆಯೇ?" ಅಂತ ಒಳಗಿಂದಲೇ ಕೂಗುತ್ತಿದ್ದರು. ಬೆಳಗಿನ ಜಾವ ಕೆಂಪಾಂಬುಧಿ ಕೆರೆ ಏರಿಗೆ ಹೋಗಿ ಊದಿ ಬರುತ್ತಿದ್ದ. ಒಂದು ದಿನ ನಾನೂ ಹೋದೆ. ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕೂತರೆ ಉಸಿರು ಬೇರೆ ಕಡೆಯಿಂದ ಬರುತ್ತದಂತೆ, ಅದನ್ನು ಹೊಸದಾಗಿ ಕಲಿಯಬೇಕಂತೆ. ನನಗೆ ಸಂಗೀತ ಹೇಳಿ ವಿವರಿಸಲು ಬರುವುದಿಲ್ಲ. ಅವನ ಅಪ್ಪ ಯಾವ ಜಾಗದಲ್ಲಿ ಅಡ್ಡೆ ಇಳಿಯಿತು ಅಂತ ನಿಲ್ಲಿಸಿಬಿಡುತ್ತಿದ್ದನೋ, ಇವನು ಅದನ್ನು ದಾಟಿ ಮುಂದಕ್ಕೆ ಹೋದ. ಮುಂದೆ ಇಷ್ಟೆಲ್ಲ ಇತ್ತಾ ಅನ್ನಿಸಿತು.

ಆರನೇ ದಿನ ಬಂತು. ಉತ್ಸವ ಅಂತೀರಲ್ಲ, ಅದರ ಹೊಲಸು ಹೇಳುತ್ತೇನೆ ಕೇಳಿ. ಪಾನಕದ ಹಂಡೆಯ ತುಂಬ ಸತ್ತ ಜೇನುನೊಣ. ಒಬ್ಬ ಅದನ್ನು ಬೆರಳಲ್ಲೇ ತೆಗೆದು ಎಸೆಯುತ್ತಿದ್ದ. ಕುರ್ಚಿಯವರಿಗೆ ಬೆಳ್ಳಿ ಲೋಟ, ಜಮಖಾನದವರಿಗೆ ಹಿತ್ತಾಳೆ ಲೋಟ, ನಮಗೆ ಅಂಗೈಗೆ ಮೇಲಿಂದ ಸುರಿದರು. ಮೊಣಕೈವರೆಗೆ ಅಂಟು. ಕೋಸಂಬರಿ ತಿಂದ ಎಲೆಗಳನ್ನು ರಾಮನ ಪಟದ ಹಿಂದೆಯೇ ರಾಶಿ ಹಾಕಿದ್ದರು. ಎಲೆಯಡಿಕೆ ಹಾಕಿಕೊಂಡು ಹಾಡಿಗೆ ತಲೆದೂಗುವವರು ತಲೆದೂಗುತ್ತಲೇ ಚಪ್ಪರದ ಕಂಬಕ್ಕೆ ಉಗಿಯುತ್ತಿದ್ದರು. ಒಬ್ಬರು ದೊಡ್ಡ ರುಮಾಲಿನವರು ಬಾಯಿ ತೆರೆದು ನಿದ್ದೆ ಹೋಗಿ, ಎಚ್ಚರವಾದಾಗಲೆಲ್ಲ "ಭೇಷ್" ಅನ್ನುತ್ತಿದ್ದರು. ಯಾರೂ ಹಾಡದೆ ಇದ್ದಾಗಲೂ.

ಐದು ಗಂಟೆಗೆ ರಂಗಪ್ಪ ಒಗೆದ ಪಂಚೆ ಉಟ್ಟು, ಡೋಲಿನವನನ್ನೂ ಶ್ರುತಿಯವನನ್ನೂ ಕರೆದುಕೊಂಡು ಸಂದಿಯ ಹತ್ತಿರ ಬಂದ. ರಾಯರು ಓಡಿ ಬಂದರು.

"ರಂಗ, ದಿವಾನರ ಕಚೇರಿಯಿಂದ ದೊಡ್ಡವರೊಬ್ಬರು ದಯಮಾಡಿಸ್ತಾರೆ. ಅವರು ಬರೋ ತನಕ ಬಾಗಿಲಲ್ಲಿ ನಿಂತು ಊದ್ತಿರು. ಬಂದ ತಕ್ಷಣ ನಿನ್ನದೇ."

ಊದಿದ. ಚೈತ್ರದ ಇಳಿಬಿಸಿಲು ನೇರ ಮುಖಕ್ಕೆ. ಜಟಕಾ ಬಂದಾಗಲೆಲ್ಲ ಅವರೇ ಇರಬೇಕು ಅಂತ ಏರಿಸಿ ಊದುವುದು, ಅಲ್ಲ ಅಂತ ಇಳಿಸುವುದು. ಒಂದೂವರೆ ಗಂಟೆ. ಮೋರಿ ದಂಡೆಯಲ್ಲಿ ನಾನು, ಮುನಿಯಮ್ಮ. ಅವನ ತುಟಿ ನೀರು ತುಂಬಿದ ಹಾಗೆ ಆಗಿದ್ದು ನನಗೆ ಅಷ್ಟು ದೂರದಿಂದ ಕಾಣುತ್ತಿತ್ತು.

ದೊಡ್ಡವರು ಬಂದರು. ಭಾಷಣ ಶುರುವಾಯಿತು. ಹಾರ ಶುರುವಾಯಿತು. ಒಬ್ಬೊಬ್ಬರ ಕೊರಳಿಗೆ ಹಾರ ಬಿದ್ದಾಗಲೂ ರಾಯರು ಕೈ ಎತ್ತಿ ಬೆರಳು ಆಡಿಸಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ನಮ್ಮ ಕಡೆ ಗಟ್ಟಿಮೇಳ ಅನ್ನುವುದು ತಾಳಿ ಕಟ್ಟುವ ಗಳಿಗೆಗೆ. ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳದಿರಲಿ ಅಂತ ಡೋಲು ನಾಗಸ್ವರ ಒಟ್ಟಿಗೆ ಸಿಡಿಯುತ್ತದೆ. ಹುಡುಗಿಯ ಬಾಳಿಗೆ ಒಂದೇ ಸಲ. ಇಲ್ಲಿ ಹನ್ನೊಂದು ಜನ ಗಂಡಸರಿಗೆ ಹನ್ನೊಂದು ಸಲ ಬಾರಿಸಿದರು.

"ಅಜ್ಜಿ, ಇವ್ರೆಲ್ಲಾ ಯಾರನ್ನ ಮದ್ವೆ ಆಗ್ತವ್ರೆ?" ಅಂದಳು ಮುನಿಯಮ್ಮ.

"ಒಬ್ರನ್ನೊಬ್ರು" ಅಂದೆ.

ಅದು ಮುಗಿದ ಮೇಲೆ ದೊಡ್ಡ ಹಾಡುಗಾರರು ವೇದಿಕೆ ಹತ್ತಿ ತಂಬೂರಿ ಮೀಟಿದರು. ನನ್ನ ಮಗ ಕೆಳಗೆ ನಿಂತೇ ಇದ್ದ. ನಾನು ಎದ್ದು, ಗಳದ ಕೆಳಗೆ ನುಗ್ಗಿ ಅವನ ಹತ್ತಿರ ಹೋದೆ. ಆಗಲೇ ರಾಯರು ಅವನಿಗೆ ಹೇಳುತ್ತಿದ್ದರು: "ತಡ ಆಗೋಯ್ತು ಕಣೋ. ಏನ್ ಮಾಡೋದು? ಕಛೇರಿ ಮುಗಿದು ಜನ ಏಳ್ತಾರಲ್ಲ, ಆಗ ಊದು."

"ಮೇಲೆ ಕೂತ್ಕೊಂಡಾ ಬುದ್ಧಿ?"

"ಎಲ್ಲಾದರೂ ಕೂತ್ಕೊಳ್ಳಯ್ಯ."

ನಾನು ಅಂದೆ: "ಬುದ್ಧಿ, ಫಾಲ್ಗುಣದಲ್ಲಿ ನೀವು ಮಾತು ಕೊಟ್ಟಾಗ ನಿಮ್ಮ ಗಂಟಲ ಮೇಲೆ ಇವನ ಕತ್ತಿ ಇತ್ತು."

ರಾಯರು ಕೊರಳು ಮುಟ್ಟಿಕೊಂಡರು. "ಏನಮ್ಮಾ, ಹೆದರಿಸ್ತೀಯಾ?"

"ಇಲ್ಲ ಬುದ್ಧಿ. ನೀವು ಕಣ್ಣು ಮುಚ್ಕೊಂಡು ಕೂತಿದ್ರಿ. ನಂಬಿಕೆ ಅಂದ್ರೆ ಅದು. ಜ್ಞಾಪಿಸ್ದೆ ಅಷ್ಟೇ."

"ಒಳಗೆ ಯಾರು ಬಿಟ್ಟಿದ್ದು ಇವಳನ್ನ?" ಅಂತ ಅವರು ಮೀಸೆಯವನ ಕಡೆ ತಿರುಗಿದರು.

ಮಗನನ್ನು ಈಚೆಗೆ ಕರೆದುಕೊಂಡು ಬಂದು ಹೇಳಿದೆ: "ನಾಗಸ್ವರ, ಪೀಪಿ ಕಟ್ಟಿ ಚೀಲಕ್ಕೆ ಹಾಕು, ಹೋಗೋಣ. ಓಲಗ ಇಲ್ಲದೆ ಮಂಗಳಾರತಿ ಹೇಗೆ ಎತ್ತುತ್ತಾರೋ ನೋಡೋಣ. ಆ ಹಾಡುಗಾರರು ಬಂದು ಗಂಟೆ ಬಾರಿಸಲಿ." ನಮ್ಮ ಕೈಯಲ್ಲಿದ್ದ ಹಿಡಿತ ಇದೊಂದೇ. ಊರಲ್ಲಿ ನನ್ನ ಗಂಡ ಹೀಗೇ ಓಲಗ ನಿಲ್ಲಿಸಿದ್ದ. ಒಂದು ವರ್ಷ ಗೌಡರು ಬಂದು ಕರೆಯುವವರೆಗೆ ದೇವರು ಕದಲಲಿಲ್ಲ.

"ಹೋದ್ರೆ ಕೂರೋದು ಎಲ್ಲಿ ಅವ್ವ?" ಅಂದ ಮಗ. ಹೋಗಲಿಲ್ಲ. ಬೆನ್ನುಮೂಳೆ ಇಲ್ಲದವನೇ ಅಂತ ಬೈದೆ. ಬೈದದ್ದು ತಪ್ಪು ಅಂತ ಈಗಲೂ ನನಗೆ ಅನ್ನಿಸುವುದಿಲ್ಲ.

ಕಛೇರಿ ಮುಗಿಯಿತು. ಮಂಗಳಾರತಿಗೆ ನಿಂತು ಊದಿದ. ಜನ ಎದ್ದು ಚಪ್ಪಲಿ ಹುಡುಕತೊಡಗಿದಾಗ ವೇದಿಕೆ ಹತ್ತಿದ. ಜಮಖಾನ ಸುತ್ತುತ್ತಿದ್ದರು, ಬರೀ ಹಲಗೆ. ಅದರ ಮೇಲೆ ಕೂತ. ಪಂಚೆ ಸರಿಮಾಡಿಕೊಂಡ. ಕಲ್ಯಾಣಿ ಎತ್ತಿದ.

ಚೆನ್ನಾಗಿ ಊದಿದ ಅಂತ ಬರೆದರೆ ನಿಮಗೆಲ್ಲ ಸಂತೋಷ. ಚೆನ್ನಾಗಿ ಊದಲಿಲ್ಲ. ತುಟಿ ಬಾಗಿಲಲ್ಲೇ ಮುಗಿದುಹೋಗಿತ್ತು. ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಒಡೆಯಿತು, ಗಾಳಿ ಸೋರಿತು. ಕೆರೆ ಏರಿಯಲ್ಲಿ ಕೇಳಿದ್ದರಲ್ಲಿ ಕಾಲು ಪಾಲೂ ಇರಲಿಲ್ಲ. ಕುರ್ಚಿ ಎತ್ತುವವನು ಡೋಲಿನವನಿಗೆ "ಕಾಲು ತೆಗಿ" ಅಂದ. ಕೇಳಲು ಇದ್ದದ್ದು ನಾನು, ಮುನಿಯಮ್ಮ, ಇಬ್ಬರು ಜಟಕಾದವರು, ಇನ್ನೂ ನಿದ್ದೆ ಹೋಗಿದ್ದ ಆ ರುಮಾಲಿನವರು. ಒಡೆದರೂ ಬಿಡಲಿಲ್ಲ. ಕೊನೆವರೆಗೂ ಹೋಗಿ, ಕೆಳಗಿನ ಸ್ವರಕ್ಕೆ ಬಂದು ನಿಲ್ಲಿಸಿ, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡ.

ರಾಯರು ಕುರ್ಚಿಗಳ ಲೆಕ್ಕ ಹಾಕುತ್ತಾ ಬಂದು, "ಭೇಷ್ ರಂಗ. ಎಲ್ಲರೂ ಮೆಚ್ಚಿದರು. ಮುಂದಿನ ವರ್ಷವೂ ಬಾಗಿಲಿಗೆ ನೀನೇ" ಅಂದರು.

ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ: "ಸಾಕಲ್ವಾ? ಊರಿಗೆ ಹೋಗೋಣ. ಅಲ್ಲಿ ನಿನ್ನ ಅಪ್ಪನ ಜಾಗ ಇನ್ನೂ ಖಾಲಿ ಇದೆ."

ಊದಿಕೊಂಡ ತುಟಿಯಲ್ಲಿ ಮಾತು ತೊದಲುತ್ತಿತ್ತು. "ಖಾಲಿ ಇರೋದು ನಿಲ್ಲೋ ಜಾಗ ಅವ್ವ. ಇಲ್ಲಿ ಕೆಟ್ಟದಾಗೇ ಊದ್ದೆ, ಆದ್ರೆ ಕೂತ್ಕೊಂಡು ಊದ್ದೆ."

ಅದಾದ ಎರಡನೇ ದಿನ ರಾಯರ ಮನೆಯಿಂದ ಕ್ಷೌರಕ್ಕೆ ಕರೆ ಬಂತು. ತುಟಿ ಊದಿದೆ, ಬರಲಾರ ಅಂತ ನಾನು ಹೇಳಿ ಕಳಿಸಿದೆ. ಗಡ್ಡ ಹೆರೆಯಲು ತುಟಿ ಯಾತಕ್ಕೆ ಅಂತ ಅವರು ವಾಪಸು ಕೇಳಿ ಕಳಿಸಿದರು. ಮಗ ಕತ್ತಿ ಮಸೆದುಕೊಂಡು ಹೊರಟ. ಹೋಗುವಾಗ ನನ್ನ ಮುಖ ನೋಡಿ, "ಇನ್ನೊಂದು ಬೀದಿಯ ಕಮಿಟಿಯೋರೂ ಅವ್ರ ಮನೆಗೆ ಬರ್ತಾರಂತೆ, ಕೇಳಿ ನೋಡ್ತೀನಿ" ಅಂದ.

ಈಗ ನಿಮ್ಮ ಗೌಡರು ಹೇಳಿ ಕಳಿಸಿದ್ದಾರೆ, ಜಾತ್ರೆಗೆ ಓಲಗ ಬೇಕು, ಬನ್ನಿ ಅಂತ. ಮಗ ಬರುವುದಿಲ್ಲ. ಬೇರೆಯವರನ್ನು ನೋಡಿಕೊಳ್ಳಿ. ನಾನೊಬ್ಬಳೇ ಬರಬಹುದಿತ್ತು. ಗಂಟು ಕೂಡ ಕಟ್ಟಿದ್ದೆ. ಬಂದರೆ ಯಾರ ಓಲಗದ ಹಿಂದೆ ನಡೆಯಲಿ? ಅಲ್ಲಿ ಇನ್ನೊಬ್ಬ ನಿಂತು ಊದುವುದನ್ನು ನೋಡಿದರೆ, ಕೂರಿಸ್ರೋ ಅವನನ್ನ ಅಂತ ನಾನು ಬಾಯಿ ಬಿಡುತ್ತೇನೆ, ನೀವು ಮುದುಕಿಗೆ ಬೆಂಗಳೂರು ಹಿಡಿಯಿತು ಅನ್ನುತ್ತೀರಿ. ಇಲ್ಲಿ ಬಾಯಿ ಬಿಟ್ಟರೆ ಹಳ್ಳಿಮುಕ್ಕಿ ಅನ್ನುತ್ತಾರೆ. ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಹಗ್ಗಕ್ಕೆ ಹಾಕಿದ್ದೇನೆ. ಬಚ್ಚಲ ನೀರು ಹರಿಯುತ್ತಲೇ ಇದೆ. ಮಗನ ತುಟಿಗೆ ಹಚ್ಚಲು ಬೆಣ್ಣೆ ಕಾಯಿಸುತ್ತಾ ಇದನ್ನು ಬರೆದೆ.