ಅಕ್ಕೋರು ನಪಾಸಾದರು

ಬದುಕಿನಲ್ಲಿ ನಾನು ನಪಾಸಾದದ್ದು ಒಂದೇ ಪರೀಕ್ಷೆಯಲ್ಲಿ. ಅದೂ ನಿವೃತ್ತಿಯಾದ ಮೇಲೆ, ಹುಕ್ಕೇರಿಯಲ್ಲಿ, ಮೊಮ್ಮಕ್ಕಳ ವಯಸ್ಸಿನವರೆಲ್ಲ ನೋಡುತ್ತಿರುವಾಗ. ನಪಾಸು ಮಾಡಿದವಳು ನನ್ನದೇ ಶಿಷ್ಯೆ. ಮೊದಮೊದಲು ಇದನ್ನು ಮುಚ್ಚಿಡುತ್ತಿದ್ದೆ. ಈಗ ಬೀಗರ ಮನೆಗೆ ಹೋದರೂ ಚಹಾ ಬರುವುದರೊಳಗೆ ನಾನೇ ಸುದ್ದಿ ತೆಗೆಯುತ್ತೇನೆ.

ನಾನು ಮೂಡಲಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ. ನೌಕರಿ ಮುಗಿದರೂ ಆ ಹೆಸರು ಮುಗಿಯುವುದಿಲ್ಲ. ಮೊಣಕಾಲು ಹಿಡಿದುಕೊಂಡಿತೆಂದು ಡಾಕ್ಟರು ದಿನಾ ಸಂಜೆ ನಡೆಯಲು ಹೇಳಿದರು. ನಡೆಯುವ ದಾರಿಯಲ್ಲೊಂದು ಹಳೆಯ ಸಭಾಭವನ. ಒಳಗೆ ಮಕ್ಕಳು 'ಇಚಿ, ನಿ, ಸನ್, ಶಿ' ಎಂದು ಜಪಾನಿ ಎಣಿಕೆಯನ್ನು ನಮ್ಮ ಮಗ್ಗಿಯ ರಾಗದಲ್ಲೇ ಒದರುತ್ತಿದ್ದರು. ಒಂದು ಸಂಜೆ ತಡೆಯಲಾರದೆ ಇಣುಕಿದೆ. ಕಲಿಸುತ್ತಿದ್ದವಳು ಮಾಳವ್ವ. ಮಮದಾಪುರದ ಕುರಿಗಾರರ ಮಗಳು. ನನ್ನ ತರಗತಿಯಲ್ಲಿ ಸಂಧಿ ಸಮಾಸ ಶುರುವಾದರೆ ಮುಂದಿನವಳ ಬೆನ್ನ ಹಿಂದೆ ಅಡಗುತ್ತಿದ್ದ ಹುಡುಗಿ. ಗೋಕಾಕಕ್ಕೆ ಬಸ್ಸಿನಲ್ಲಿ ಹೋಗಿಬಂದು ವರ್ಷಗಟ್ಟಲೆ ಕರಾಟೆ ಕಲಿತು, ಈಗ ನಡುವಿಗೆ ಕಪ್ಪು ಬೆಲ್ಟು ಬಿಗಿದು ನಿಂತಿದ್ದಳು.

ನನಗೂ ಕಲಿಸುತ್ತೀಯಾ ಎಂದು ಚೇಷ್ಟೆಗೆ ಕೇಳಿದೆ. ಅವಳು ಅದನ್ನು ಚೇಷ್ಟೆ ಎಂದುಕೊಳ್ಳಲಿಲ್ಲ.

"ಕಲಿಸ್ತೀನ್ರಿ ಅಕ್ಕೋರ. ಖರೆ, ಒಳಗ ಬಂದ ಮ್ಯಾಲ ನಾ ಹೇಳಿದಂಗ ಕೇಳಬೇಕಾಗ್ತೈತ್ರಿ."

ಹೀಗೆ ನಾನು ಬಿಳಿ ಬೆಲ್ಟಿನವಳಾದೆ. ಹಾಲುಹಲ್ಲು ಬಿದ್ದ ಸಹಪಾಠಿಗಳ ನಡುವೆ, ಕುದುರೆ ಹತ್ತಿದವರಂತೆ ಕಾಲಗಲಿಸಿ ನಿಂತು, ನಡುಗುವ ತೊಡೆಗಳನ್ನು ಯಾರೂ ನೋಡದಿರಲಿ ಎಂದು ಬೇಡಿಕೊಂಡೆ. ಕರಾಟೆ ಎಂದರೆ ಬರಿಗೈ ಎಂದು ಮಾಳವ್ವ ಹೇಳಿದಾಗ ನನ್ನೊಳಗಿನ ಕನ್ನಡ ಅಕ್ಕೋರು ಎಚ್ಚರಗೊಂಡರು. ನಮ್ಮಲ್ಲಿ ಬರಿಗೈ ಎಂದರೆ ಬಡತನ; ಯಾರ ಮನೆಗೂ ಬರಿಗೈಲಿ ಹೋಗಬಾರದು. ಹಿಂದೆ ಆ ಪದವನ್ನು 'ಚೀನಾದ ಕೈ' ಎಂಬರ್ಥ ಬರುವಂತೆ ಬರೆಯುತ್ತಿದ್ದರಂತೆ. ಚೀನಾದಿಂದ ಓಕಿನಾವಾ, ಅಲ್ಲಿಂದ ಜಪಾನು, ಅಲ್ಲಿಂದ ಜಗತ್ತೆಲ್ಲ ಸುತ್ತಿ ಗೋಕಾಕಕ್ಕೆ ಬರುವಷ್ಟರಲ್ಲಿ ಈ ವಿದ್ಯೆ ಎಷ್ಟು ಸಾಮಾನು ದಾರಿಯಲ್ಲಿ ಬಿಟ್ಟಿತೋ. ಮಾಳವ್ವ ಮಾತ್ರ ಒಂದನ್ನು ಗಟ್ಟಿಯಾಗಿ ಹಿಡಿದಿದ್ದಳು: ಬಾಗುವುದು. ಬಾಗಿಲಲ್ಲಿ ಬಾಗಬೇಕು, ಗುರುವಿಗೆ ಬಾಗಬೇಕು, ಹೊಡೆಯಲು ಬರುವವನಿಗೂ ಬಾಗಬೇಕು.

ಬಿಳಿಯ ನಂತರದ ಹಳದಿ ಬೆಲ್ಟಿನ ಪರೀಕ್ಷೆ ಹುಕ್ಕೇರಿಯಲ್ಲಿತ್ತು. ನಮ್ಮ ಮನೆಯವರು ವಿಡಿಯೊ ಮಾಡಲು ಮೊಬೈಲು ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದರು. ಹೆಜ್ಜೆ ತಪ್ಪಲಿಲ್ಲ, ಗುದ್ದು ಗಾಳಿಗೆ ಸರಿಯಾಗಿಯೇ ಬಿತ್ತು. ಮುಗಿಯುತ್ತಲೇ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆ ಸಂಭ್ರಮದಲ್ಲಿ ನಾನು ಮೊಬೈಲಿನತ್ತ ಕೈಬೀಸಿ, ಬಾಗದೆಯೇ ಕಣದಿಂದ ಇಳಿದುಬಿಟ್ಟೆ. ಸ್ವಲ್ಪ ಹೊತ್ತಿಗೆ ಮಾಳವ್ವ ಹೆಸರುಗಳನ್ನು ಓದಿದಳು. ನನ್ನದಿರಲಿಲ್ಲ. ನನ್ನಂತೆಯೇ ಬಾಗಲು ಮರೆತ ಇನ್ನೂ ಕೆಲವು ಮಕ್ಕಳ ಹೆಸರೂ ಇರಲಿಲ್ಲ.

ಮನೆಯವರು ಮೂಡಲಗಿ ಮುಟ್ಟುವ ತನಕ ಗೊಣಗಿದರು. ಮಕ್ಕಳ ತಂದೆತಾಯಂದಿರು ಇನ್ನೂ ಕೆಂಡವಾಗಿದ್ದರು. ಬೇರೊಂದು ಕ್ಲಾಸಿನಲ್ಲಿ ಡ್ರೆಸ್ಸಿನ ಜೊತೆಗೇ ಹಳದಿ ಬೆಲ್ಟೂ ಬರುತ್ತದಂತೆ, ನಾಳೆಯೇ ಮಕ್ಕಳನ್ನು ಅಲ್ಲಿಗೆ ಹಾಕುತ್ತೇವೆ ಎಂದರು. ನನಗೂ ಸಿಟ್ಟಿತ್ತು. ನನ್ನ ಕೈಯಲ್ಲಿ ಕನ್ನಡ ಕಲಿತವಳು ನನ್ನನ್ನೇ ಜನರೆದುರು ನಿಲ್ಲಿಸಿದಳಲ್ಲ ಎಂದು.

ಮರುದಿನ ಬೆಳಿಗ್ಗೆ ಮಾಳವ್ವ ಮನೆಗೆ ಬಂದಳು. ಕುರ್ಚಿ ಕೊಟ್ಟರೂ ಪಡಸಾಲೆಯ ಕಂಬಕ್ಕೊರಗಿ ಕೆಳಗೇ ಕೂತಳು. ಚಹಾ ಆರಿತು. ಆಮೇಲೆ ಹೇಳಿದಳು: "ನಿಮ್ಮ ಹೆಸರು ಒಮ್ಮಿ ಬರದು, ಆಮ್ಯಾಲ ಹೊಡದು ಹಾಕಿದ್ನಿರಿ ಅಕ್ಕೋರ. ಆದ್ರ ನಿಮಗ ಬೆಲ್ಟ್ ಕೊಟ್ಟು ಆ ಹುಡುಗೂರಿಗೆ ನಪಾಸ್ ಅಂತ ಹೆಂಗ ಹೇಳಲ್ರಿ? ಒದಿಯೂದು ಈಗ ಎಲ್ಲಾರೂ ಕಲಸ್ತಾರ, ಮೊಬೈಲ್‌ನ್ಯಾಗೂ ಸಿಗ್ತೈತಿ. ಬಾಗೂದು ಬಿಟ್ರ ನನ್ನ ಕಡೆ ಕಲಸಾಕ ಏನೂ ಉಳಿಯೂದಿಲ್ರಿ."

ಸಂಜೆ ಕ್ಲಾಸಿಗೆ ಯಾರೂ ಬರಲಿಕ್ಕಿಲ್ಲ ಎಂದೂ ಮೆಲ್ಲಗೆ ಸೇರಿಸಿದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಚಹಾ ಬಿಸಿಮಾಡಿ ತಂದೆ.

ಸಂಜೆ ಬಿಳಿ ಬೆಲ್ಟು ಬಿಗಿದು, ಪೇಟೆಯ ನಡುವೆಯೇ ಹಾದು ಹೋದೆ. ಭವನದ ಮುಂದೆ ಮಕ್ಕಳ ಹೆಸರು ತೆಗೆಸಲು ಬಂದ ಹಿರಿಯರ ಗುಂಪು ನಿಂತಿತ್ತು. ಅವರಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು. ನಾನು ಬಾಗಿಲಲ್ಲಿ ಬಾಗಿದೆ. ಒಳಗೆ ಒಬ್ಬಳೇ ನಿಂತಿದ್ದ ಮಾಳವ್ವನ ಮುಂದೆ, ಮೊಣಕಾಲು ಎಷ್ಟು ಬಿಟ್ಟಿತೋ ಅಷ್ಟು, ಇನ್ನೂ ಆಳವಾಗಿ ಬಾಗಿದೆ. ಹೊರಗೆ ನಿಂತಿದ್ದ ಒಬ್ಬ ತಂದೆ ಮಗಳ ಬೆನ್ನು ತಟ್ಟಿ, "ಹೋಗವಾ ಒಳಗ, ಅಕ್ಕೋರ ಬಾಜೂ ನಿಂದ್ರು" ಎಂದ. ಉಳಿದವರೂ ಒಬ್ಬೊಬ್ಬರಾಗಿ ಬಂದರು. ಅಂದು ನಾವು ಎಣಿಸಿದ 'ಇಚಿ, ನಿ, ಸನ್' ಬಸ್‌ಸ್ಟ್ಯಾಂಡಿನ ತನಕ ಕೇಳಿತಂತೆ.

ಕೆಲವು ತಿಂಗಳ ಮೇಲೆ ಮತ್ತೆ ಪರೀಕ್ಷೆಯಾಯಿತು. ಈ ಸಲ ನಾವೆಲ್ಲ ಎಷ್ಟು ಬಾಗಿದೆವೆಂದರೆ, ನೀರಿನ ಬಾಟಲಿಗೂ ಬಾಗಿದೆವು ಎಂದು ನಮ್ಮ ಮನೆಯವರು ಇಂದಿಗೂ ನಗಾಡುತ್ತಾರೆ. ಎಲ್ಲರೂ ಪಾಸು. ಮಾಳವ್ವ ತಾನೇ ನನ್ನ ನಡುವಿಗೆ ಹಳದಿ ಬೆಲ್ಟು ಕಟ್ಟಿದಳು. ಕಟ್ಟಿದವಳು ನನ್ನ ಕಾಲು ಮುಟ್ಟಲೆಂದು ಬಗ್ಗಿದಳು. ಅದೇ ಗಳಿಗೆಗೆ ನಾನು ಗುರುವಿಗೆಂದು ಬಾಗಿದೆ. ಇಬ್ಬರ ತಲೆಗಳೂ ಢಬ್ಬೆಂದು ಒಂದಕ್ಕೊಂದು ಹಾಯ್ದವು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಒಬ್ಬಳು ಮಾತ್ರ ಗಾಬರಿಯಿಂದ ಓಡಿಬಂದು, "ಇನ್ನೊಮ್ಮಿ ತಲಿ ಹಾಯಿಸ್ರಿ ಅಕ್ಕೋರ, ಇಲ್ಲಂದ್ರ ಕೋಡು ಮೂಡ್ತಾವ್ರಿ" ಎಂದಳು.

ಕೋಡು ಮೂಡಬಾರದಲ್ಲ. ಹಣೆ ಉಜ್ಜಿಕೊಳ್ಳುತ್ತಾ ನಾವಿಬ್ಬರೂ ಇನ್ನೊಮ್ಮೆ ಬಾಗಿದೆವು.