ಟಿವಿಯೊಳಗಿನ ಅಕ್ಕ

ನನ್ನ ಅಕ್ಕ ನರ್ಸುಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಕಾಲು ಅಲ್ಲಾಡುವ ಬೆಂಚುಗಳು, ಡ್ಯೂಟಿ ಮುಗಿಸಿ ಆಕಳಿಸುತ್ತಾ ಬರುವ ಹುಡುಗಿಯರು. ಅವರ ನಿದ್ದೆ ಬಿಡಿಸುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

'ಸೇ', 'ಟೆಲ್' ನಮಗೆ ಎರಡೂ 'ಹೇಳು'. ಅಕ್ಕ ಒಬ್ಬಳನ್ನು ಎಬ್ಬಿಸಿ ಗೋಡೆಯ ಕಡೆ ತಿರುಗಿಸುತ್ತಿದ್ದಳು. "ಸೇ ಅಂದ್ರೆ ಮಾತು ಬಾಯಿಂದ ಹೊರಗೆ ಬಂದ್ರೆ ಸಾಕು, ಗೋಡೆ ಮುಂದೆ ಬೇಕಾದ್ರೂ ಆಡು. ಟೆಲ್ ಅಂದ್ರೆ ಯಾರಿಗೆ ಅಂತ ಪಕ್ಕದಲ್ಲೇ ಬರಬೇಕು. ಟೆಲ್ ಮಿ, ಟೆಲ್ ದಿ ಡಾಕ್ಟರ್. ಸುಳ್ಳು ಹೇಳೋಕೆ ಮಾತ್ರ ಯಾರೂ ಬೇಕಾಗಿಲ್ಲ, ಟೆಲ್ ಎ ಲೈ ಅಂದ್ರೆ ಮುಗೀತು!" ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು.

ಒಂದು ದಿನ ಕ್ಲಾಸಿನ ಮಾಲೀಕ ಕ್ಯಾಮೆರಾ ತಂದಿಟ್ಟ. "ನೆನಪಿಗೆ ಇರ್ಲಿ ಮೇಡಂ" ಎಂದು ಹಲ್ಲು ಕಿರಿದ. ಅಕ್ಕ ನಂಬಿದಳು. ಪಾಠಗಳೆಲ್ಲ ಅದರಲ್ಲಿ ತುಂಬಿದ ಮೇಲೆ ಅದೇ ಬಾಯಲ್ಲಿ, "ಇನ್ಮೇಲೆ ನೀವು ಬರೋದು ಬೇಡ" ಎಂದ. ಎಂಥ ನಾಚಿಕೆಗೆಟ್ಟ ಮನುಷ್ಯ! ಇಷ್ಟು ವರ್ಷ ದುಡಿದವಳನ್ನು ಒಗ್ಗರಣೆಯ ಕರಿಬೇವಿನಂತೆ ಎತ್ತಿ ಬಿಸಾಡಿದ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಲ್ಲೇ ಉಳಿದಿದ್ದ ಅವಳ ಛತ್ರಿ ತರಲು ಇಬ್ಬರೂ ಹೋದೆವು. ಕೋಣೆಯಲ್ಲಿ ಬೆಂಚುಗಳ ತುಂಬ ಹುಡುಗಿಯರು, ಅವರ ಮುಂದೆ ಟಿವಿ ನಡೆಯುತ್ತಿತ್ತು. ಟಿವಿಯಲ್ಲಿ ಅಕ್ಕ! "'ಅವನು ನನಗೆ ಹೇಳಿದ', ಇದನ್ನ ಇಂಗ್ಲಿಷಲ್ಲಿ ಹೇಳಿ ನೋಡೋಣ" ಎಂದು ಉತ್ತರಕ್ಕೆ ಕಾದಳು. ಮುಂದಿನ ಬೆಂಚಿನ ಹೊಸ ಹುಡುಗಿ ಧೈರ್ಯ ಮಾಡಿ ಎದ್ದು "ಹಿ ಸೆಡ್ ಮಿ" ಎಂದಳು.

"ಭೇಷ್ ಮಗಳೇ! ಸರಿಯಾಗಿ ಹೇಳಿದೆ" ಎಂದಳು ಟಿವಿಯ ಅಕ್ಕ. ಕ್ಯಾಮೆರಾ ಇಟ್ಟ ದಿನ ಬೇರೊಬ್ಬಳು ಸರಿ ಉತ್ತರ ಕೊಟ್ಟಿದ್ದಳು, ಆ ಭೇಷ್ ಅವಳದು. ಈ ಹುಡುಗಿ ಅದು ತನಗೇ ಎಂದುಕೊಂಡು ಮುಖ ಅರಳಿಸಿ ಕೂತಳು.

ಅಕ್ಕ ದಡದಡನೆ ಒಳಗೆ ನುಗ್ಗಿ ಸ್ವಿಚ್ ಆರಿಸಿದಳು. "ತಪ್ಪು ಕಣಮ್ಮ. ಟೋಲ್ಡ್ ಮಿ. ಇಲ್ಲಾಂದ್ರೆ ನಡುವೆ ಟು ಹಾಕಿ ಸೆಡ್ ಟು ಮಿ. ಇನ್ನೊಂದ್ಸಲ ಹೇಳು."

"ನಿಮಗೇನ್ರೀ ಕೆಲ್ಸ ಇಲ್ಲಿ? ಹೊರಗೆ ನಡೀರಿ!" ಮಾಲೀಕ ಬಾಗಿಲಲ್ಲೇ ಅರಚಿದ.

ಅವನನ್ನು ಸರ್ ಎಂದೇ ಕರೆಯುತ್ತಿದ್ದ ಅಕ್ಕ ಅವತ್ತು ಏಕವಚನಕ್ಕಿಳಿದಳು. "ನನ್ನ ಬಾಯಲ್ಲಿ ತಪ್ಪಿಗೂ ಭೇಷ್ ಅನ್ನಿಸ್ತೀಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?"

ಹುಡುಗಿ ಮತ್ತೆ ಎದ್ದು "ಹಿ ಟೋಲ್ಡ್ ಮಿ" ಎನ್ನುವವರೆಗೂ ಅಕ್ಕ ಕದಲಲಿಲ್ಲ. "ಈಗ ಸರಿ" ಎಂದು ಹೊರಟಳು.

ನಾವು ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಅವನು ಟಿವಿ ಮತ್ತೆ ಹಾಕಿದ. ಅಕ್ಕ ಅಲ್ಲೇ ಕುಸಿದು ಕೂತು ಗಳಗಳನೆ ಅತ್ತಳು. ಮೇಲೆ ಅವಳದೇ ದನಿ ನಗುನಗುತ್ತಾ ಪಾಠ ಮಾಡುತ್ತಿತ್ತು.